108ಕ್ಕೆ ಫೋನ್ ಮಾಡಿದ ಮೇಲೆ ಏನಾಗುತ್ತದೆ? ಮಲೆನಾಡಿನ ಮನೆಯವರಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಎರಡು ದೇವಸ್ಥಾನಗಳಿವೆ. ಒಂದು ಹಳ್ಳದ ಆಚೆ, ಒಂದು ಈಚೆ. ಚಿಕ್ಕಪ್ಪನಿಗೆ ಎದೆನೋವು ಬಂದ ರಾತ್ರಿ ನಾನು 108ಕ್ಕೆ ಫೋನ್ ಮಾಡಿ ‘ದೇವಸ್ಥಾನದ ಹತ್ರ ಬನ್ನಿ’ ಎಂದೆ. ಗಾಡಿ ಬಂತು, ಆದರೆ ಹಳ್ಳದ ಆಚೆಯ ದೇವಸ್ಥಾನಕ್ಕೆ. ಅಲ್ಲಿಂದ ಸುತ್ತಿ ನಮ್ಮ ಮನೆಯ ಉಣುಗೋಲಿನ (ಬೇಲಿಗೆ ಅಡ್ಡಗೋಲು ಇಟ್ಟ ಬಾಗಿಲಿನ) ಹತ್ತಿರ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು. ಚಿಕ್ಕಪ್ಪ ಬದುಕಿಕೊಂಡ. ಈಗಲೂ ಅಡಿಕೆ ಸುಲಿಯುತ್ತ ಕೂತಾಗ ‘ಇವನಿಗೆ ದೇವಸ್ಥಾನ ತೋರಿಸ್ಲಿಕ್ಕೂ ಬರೋದಿಲ್ಲ’ ಅಂತ ಎಲ್ಲರೆದುರು ಹೇಳುತ್ತಾನೆ.

ಆಮೇಲೆ ಬೇರೆ ಬೇರೆ ಕಾರಣಕ್ಕೆ ನಾಲ್ಕೈದು ಸಲ ಆಂಬುಲೆನ್ಸ್ ಜೊತೆ ಹೋಗಿದ್ದೇನೆ. ಹೋದಾಗಲೆಲ್ಲ ಸಿಬ್ಬಂದಿಯನ್ನು ಮಾತಾಡಿಸಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು: ಮಲೆನಾಡಿನಲ್ಲಿ ಗಾಡಿ ಓಡುವ ಹೊತ್ತನ್ನು ನಾವು ಕಡಿಮೆ ಮಾಡಲಾಗುವುದಿಲ್ಲ. ರಸ್ತೆ ಇದ್ದ ಹಾಗೆ ಇರುತ್ತದೆ, ಮಳೆ ಬಂದ ಹಾಗೆ ಬರುತ್ತದೆ. ಆದರೆ ಮನೆ ಹುಡುಕುವುದಕ್ಕೆ ಹಾಳಾಗುವ ಹೊತ್ತು, ‘ಯಾವ ಆಸ್ಪತ್ರೆ’ ಅಂತ ಜಗಲಿಯಲ್ಲಿ ನಿಂತು ಚರ್ಚೆ ಮಾಡುವ ಹೊತ್ತು, ಇವೆರಡೂ ನಮ್ಮ ಕೈಯಲ್ಲೇ ಇವೆ.

ಗಾಡಿಯ ಹಿಂದೆ ಯಾರ್ಯಾರಿದ್ದಾರೆ

ಕರ್ನಾಟಕದಲ್ಲಿ 108 ಸೇವೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ ಶುರುವಾಯಿತು. ಅದಕ್ಕೂ ಮೂರು ವರ್ಷ ಮೊದಲು, 2005ರಲ್ಲಿ, ಹೈದರಾಬಾದಿನಲ್ಲಿ ಇದೇ ಮಾದರಿ ಆರಂಭವಾಗಿತ್ತು. ಸೇವೆ ಪೂರ್ತಿ ಉಚಿತ. ಡೀಸೆಲ್‌ಗೆ ಅಂತಲೋ ‘ಟೀ ಖರ್ಚಿಗೆ’ ಅಂತಲೋ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ನೀವು ಫೋನ್ ಮಾಡಿದರೆ ಅದು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗುವುದಿಲ್ಲ. ಬೆಂಗಳೂರಿನ ಕಾಲ್ ಸೆಂಟರಿಗೆ ಹೋಗುತ್ತದೆ. ಇದೊಂದು ತಲೆಯಲ್ಲಿದ್ದರೆ ಅವರು ಕೇಳುವ ಪ್ರಶ್ನೆಗಳ ಮೇಲೆ ಸಿಟ್ಟು ಬರುವುದಿಲ್ಲ. ‘ಯಾವ ಜಿಲ್ಲೆ, ಯಾವ ತಾಲ್ಲೂಕು’ ಅಂತ ಕೇಳಿದಾಗ ‘ಅಯ್ಯೋ, ನಮ್ಮೂರು ಗೊತ್ತಿಲ್ವಾ’ ಅನ್ನಬೇಡಿ. ನಿಜವಾಗಿಯೂ ಗೊತ್ತಿರುವುದಿಲ್ಲ. ಹೊಸೂರು ಎಂಬ ಹೆಸರಿನ ಊರು ಈ ರಾಜ್ಯದಲ್ಲಿ ಎಷ್ಟಿವೆಯೋ ಆ ದೇವರಿಗೇ ಗೊತ್ತು.

ಫೋನ್ ಎತ್ತಿದವರು ವಿವರ ಬರೆದುಕೊಳ್ಳುತ್ತಾರೆ. ಹತ್ತಿರ ಖಾಲಿ ಇರುವ ಗಾಡಿ ಯಾವುದೆಂದು ನೋಡಿ ಕಳಿಸುವುದು ಆಮೇಲಿನ ಕೆಲಸ. ಕಾಲ್ ಸೆಂಟರಿನಲ್ಲಿ ವೈದ್ಯರೂ ಇರುತ್ತಾರೆ. ಗಾಡಿಯಲ್ಲಿರುವ ಸಿಬ್ಬಂದಿಗೆ ಸಂಶಯ ಬಂದರೆ ಫೋನಿನಲ್ಲೇ ಅವರನ್ನು ಕೇಳಿ ಔಷಧಿ ಕೊಡುತ್ತಾರೆ.

ಗಾಡಿಯಲ್ಲಿ ಬರುವವರು ಇಬ್ಬರು. ಡ್ರೈವರನ್ನು ‘ಪೈಲಟ್’ ಅನ್ನುತ್ತಾರೆ. ಇನ್ನೊಬ್ಬರು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದವರು. ನಮ್ಮ ಕಡೆ ಇವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಇವರು ಡಾಕ್ಟರ್ ಅಲ್ಲ, ಹಾಗಂತ ಸುಮ್ನೆ ಜೊತೆಗೆ ಕೂರುವವರೂ ಅಲ್ಲ. ಬಿಪಿ, ನಾಡಿ, ರಕ್ತದ ಆಮ್ಲಜನಕ, ಸಕ್ಕರೆ ನೋಡುವುದು, ಆಕ್ಸಿಜನ್ ಕೊಡುವುದು, ರಕ್ತ ನಿಲ್ಲಿಸುವುದು, ಮೂಳೆ ಮುರಿದಲ್ಲಿ ಪಟ್ಟಿ ಕಟ್ಟುವುದು, ಡ್ರಿಪ್ ಹಾಕುವುದು, ಹೆರಿಗೆ ಮಾಡಿಸುವುದು ಎಲ್ಲ ಅವರ ಕೆಲಸವೇ. ಒಂದು ಪಾಳಿ ಸಾಮಾನ್ಯವಾಗಿ 12 ಗಂಟೆ. ರಾತ್ರಿ ಮೂರು ಗಂಟೆಗೆ ನಿಮ್ಮ ಮನೆಗೆ ಬಂದವರು ಅವತ್ತಿನ ನಾಲ್ಕನೇ ಕೇಸ್ ಮುಗಿಸಿ ಬಂದಿರಬಹುದು.

ಗಾಡಿಗಳಲ್ಲೂ ಎರಡು ಬಗೆ. ಜಾಸ್ತಿ ಇರುವುದು ಬಿಎಲ್‌ಎಸ್, ಅಂದರೆ ಪ್ರಾಥಮಿಕ ಜೀವರಕ್ಷಣೆಯ ಗಾಡಿ. ಎಎಲ್‌ಎಸ್, ಅಂದರೆ ಉನ್ನತ ಜೀವರಕ್ಷಣೆಯ ಗಾಡಿಯಲ್ಲಿ ವೆಂಟಿಲೇಟರ್ (ಉಸಿರಾಟದ ಯಂತ್ರ), ಹೃದಯದ ಮಾನಿಟರ್ ಇರುತ್ತವೆ. ಅವು ಕಡಿಮೆ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಹಂತ 1: ಇವತ್ತೇ ಮಾಡಿಡಬೇಕಾದ ಕೆಲಸ

ಗಾಬರಿಯಲ್ಲಿ ಸ್ವಂತ ಊರಿನ ಹೆಸರೂ ಮರೆತುಹೋಗುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಪಕ್ಕ ಒಂದು ಹಾಳೆ ಅಂಟಿಸಿದ್ದೇವೆ. ಅದರಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಊರು. ಆಮೇಲೆ ಮುಖ್ಯ ರಸ್ತೆಯಿಂದ ದಾರಿ: ‘ಆಗುಂಬೆ ರಸ್ತೆಯಲ್ಲಿ ಇಂಥ ಬಸ್ ಸ್ಟ್ಯಾಂಡ್, ಅಲ್ಲಿಂದ ಎಡಕ್ಕೆ ಮಣ್ಣು ರಸ್ತೆ, ಎರಡು ಕಿಲೋಮೀಟರ್, ಹಾಲಿನ ಡೈರಿ ದಾಟಿ ಮೂರನೇ ಉಣುಗೋಲು.’ ಇದನ್ನು ಮನೆಯ ಹತ್ತು ವರ್ಷದ ಹುಡುಗಿಯೂ ಓದಿ ಹೇಳಬಲ್ಲಳು. ಅಷ್ಟು ಸಲೀಸಾಗಿರಬೇಕು.

ಮನೆಯ ಜಾಗವನ್ನು ಮೊಬೈಲ್ ಮ್ಯಾಪಿನಲ್ಲಿ ಉಳಿಸಿಡಿ, ಒಳ್ಳೆಯದೇ. ಆದರೆ ಮ್ಯಾಪನ್ನು ಪೂರ್ತಿ ನಂಬಬೇಡಿ. ಮಲೆನಾಡಿನಲ್ಲಿ ಅದು ಕಾಲುದಾರಿಯನ್ನೂ ರಸ್ತೆ ಅಂತ ತೋರಿಸುತ್ತದೆ. ಜೀಪ್ ಮಾತ್ರ ಹೋಗುವ ಏರಿಗೆ ಆಂಬುಲೆನ್ಸ್ ಕಳಿಸಿದ ಉದಾಹರಣೆ ನಮ್ಮೂರಲ್ಲೇ ಇದೆ.

ಹಾಳೆಯ ಕೆಳಗೆ ಮನೆಯಲ್ಲಿರುವ ಹಿರಿಯರ ಮಾತ್ರೆಗಳ ಹೆಸರು, ಯಾವುದಾದರೂ ಔಷಧಿ ಒಗ್ಗದಿದ್ದರೆ ಅದು, ಹಿಂದೆ ಆದ ಆಪರೇಷನ್ ಬರೆದಿಡಿ. ಜೊತೆಗೆ ಊರಿನಲ್ಲಿ ರಾತ್ರಿಯೂ ಗಾಡಿ ತೆಗೆಯುವ ಇಬ್ಬರ ಫೋನ್ ನಂಬರ್, ಆಶಾ ಕಾರ್ಯಕರ್ತೆಯ ನಂಬರ್, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರ್.

ನೆಟ್‌ವರ್ಕ್ ಬಗ್ಗೆ ಹೇಳಬೇಕಾ? ಮಳೆಗಾಲದಲ್ಲಿ ಕರೆಂಟ್ ಹೋದರೆ, ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಎಲ್ಲಿ ಸಿಗ್ನಲ್ ಸಿಗುತ್ತದೆ ಅನ್ನುವುದು ಮನೆಯ ಎಲ್ಲರಿಗೂ ಗೊತ್ತಿರಲಿ. ನಮ್ಮಲ್ಲಿ ಅದು ಕೊಟ್ಟಿಗೆ ಹಿಂದಿನ ಗುಡ್ಡ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಅದು ತುರ್ತು ಕರೆ ಎಂದು ಫೋನಿಗೆ ಗೊತ್ತಿರುತ್ತದೆ. ಬೇರೆ ಕಂಪನಿಯ ಟವರ್ ಸಿಕ್ಕರೂ ಹಿಡಿಯಲು ನೋಡುತ್ತದೆ. 112 ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸೇರಿದ ನಂಬರ್. ತುರ್ತು ಇಲ್ಲದೆ ಆರೋಗ್ಯದ ಸಲಹೆ ಮಾತ್ರ ಬೇಕಿದ್ದರೆ 104, ಅದು ಆರೋಗ್ಯವಾಣಿ.

ಹಂತ 2: ಫೋನಿನಲ್ಲಿ ಮಾತು

ಮೊದಲು ಜಾಗ ಹೇಳಿ, ಆಮೇಲೆ ಕಾಯಿಲೆ. ನಾವು ಉಲ್ಟಾ ಮಾಡುತ್ತೇವೆ. ‘ಬೆಳಿಗ್ಗೆಯಿಂದ ಸುಸ್ತು ಅಂತಿದ್ರು, ಮಧ್ಯಾಹ್ನ ಊಟ ಸೇರಲಿಲ್ಲ’ ಅಂತ ಪುರಾಣ ತೆಗೆಯುತ್ತೇವೆ. ಅಷ್ಟರಲ್ಲಿ ಲೈನ್ ಕಟ್ಟಾದರೆ? ಜಾಗ ಹೇಳಿಯಾಗಿದ್ದರೆ ಗಾಡಿಯಾದರೂ ಹೊರಡುತ್ತದೆ.

ಆಮೇಲೆ ಅವರು ಕೇಳುವುದು: ಏನಾಯಿತು, ವಯಸ್ಸು ಎಷ್ಟು, ಎಚ್ಚರ ಇದೆಯಾ, ಉಸಿರಾಡುತ್ತಿದ್ದಾರಾ, ರಕ್ತ ಹೋಗುತ್ತಿದೆಯಾ. ರೋಗಿಯ ಪಕ್ಕದಲ್ಲೇ ಇರುವವರು ಫೋನ್ ಮಾಡಿದರೆ ಇದಕ್ಕೆಲ್ಲ ಸರಿಯಾದ ಉತ್ತರ ಸಿಗುತ್ತದೆ. ಶಿವಮೊಗ್ಗದಲ್ಲಿರುವ ಮಗನಿಗೆ ಫೋನ್ ಮಾಡಿ, ಅವನು 108ಕ್ಕೆ ಮಾಡಿ, ಅವರು ಕೇಳಿದ್ದನ್ನು ಅವನು ಮತ್ತೆ ನಿಮ್ಮನ್ನು ಕೇಳುವುದು ಬೇಡ. ನಿಮಗೆ ಸಿಗ್ನಲ್ ಸಿಗದೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು ಸರಿ.

ಅವರೇ ‘ಸರಿ, ಇಡಿ’ ಅನ್ನುವ ತನಕ ಇಡಬೇಡಿ. ಇಟ್ಟ ಮೇಲೆ ಆ ಫೋನಿನಲ್ಲಿ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತ ಕೂರಬೇಡಿ. ಸ್ವಲ್ಪ ಹೊತ್ತಿಗೆ ಗಾಡಿಯಿಂದಲೇ ದಾರಿ ಕೇಳಲು ಫೋನ್ ಬರುತ್ತದೆ. ಆಗ ಎಂಗೇಜ್ ಬಂದರೆ ಕಷ್ಟ. ಗಾಡಿ ಎಲ್ಲಿಂದ ಹೊರಟಿದೆ ಅಂತ ಆಗಲೇ ಕೇಳಿ ತಿಳಿದುಕೊಳ್ಳಿ. ಮುಂದಿನ ತೀರ್ಮಾನ ಅದರ ಮೇಲೆಯೇ ನಿಂತಿದೆ.

ಹಂತ 3: ಕಾಯುವುದೋ, ಹೊರಡುವುದೋ?

ಪೇಟೆಯವರಿಗೆ ಈ ಪ್ರಶ್ನೆ ಬರುವುದಿಲ್ಲ. ನಮಗೆ ಪ್ರತಿ ಸಲ ಬರುತ್ತದೆ. ಹತ್ತಿರದ ಗಾಡಿ ಬೇರೆ ಕೇಸಿಗೆ ಹೋಗಿದ್ದರೆ ಪಕ್ಕದ ಹೋಬಳಿಯಿಂದ ಬರಬೇಕು. ಮುಕ್ಕಾಲು ಗಂಟೆ, ಒಂದು ಗಂಟೆ. ಮನೆಯಲ್ಲಿ ಕಾರಿದೆ, ಓಡಿಸುವವರಿದ್ದಾರೆ. ಏನು ಮಾಡುವುದು?

ನಾನು ಇದನ್ನು ಹೀಗೆ ವಿಂಗಡಿಸಿಕೊಂಡಿದ್ದೇನೆ. ಮರದಿಂದ ಬಿದ್ದವರು, ಬೈಕಿನಿಂದ ಎಗರಿ ಬಿದ್ದವರು, ಕುತ್ತಿಗೆ-ಬೆನ್ನು ನೋವು ಅನ್ನುವವರು, ಕೈಕಾಲು ಜೋಮು ಹಿಡಿದವರು: ಇವರನ್ನು ಕಾಯಿಸುವುದೇ ಸರಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ, ಮಳೆಗಾಲದಲ್ಲಿ ಬೋರ್ಡೋ ಔಷಧಿ ಹೊಡೆಯುವಾಗ, ಕೊನೆಗಾರರು (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು) ಜಾರಿ ಬೀಳುವುದು ನಮ್ಮಲ್ಲಿ ಹೊಸದಲ್ಲ. ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿ, ನೀರು ಕುಡಿಸಿ, ಆಟೋದಲ್ಲಿ ಕೂರಿಸಿ ಕಳಿಸುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ, ಆ ಎಬ್ಬಿಸುವಾಗಲೇ ನರಕ್ಕೆ ಏಟಾಗಿ ಕಾಲು ಶಾಶ್ವತವಾಗಿ ಹೋಗಬಹುದು. ಅಲ್ಲೇ ಮಲಗಿರಲಿ. ತಲೆ ಅಲ್ಲಾಡದಂತೆ ಎರಡೂ ಕಡೆಯಿಂದ ಹಿಡಿದುಕೊಳ್ಳಿ. ಮೇಲೆ ಕಂಬಳಿ ಹೊದಿಸಿ, ಮಳೆ ಬರುತ್ತಿದ್ದರೆ ಟಾರ್ಪಾಲ್ ಹಿಡಿಯಿರಿ.

ಹಾವು ಕಚ್ಚಿದರೆ ಲೆಕ್ಕ ಬೇರೆ. ಗಾಡಿ ದೂರ ಇದೆ ಅಂತಾದರೆ ಸಿಕ್ಕಿದ ವಾಹನದಲ್ಲಿ ಹೊರಡಿ. ಬೈಕ್ ಮಾತ್ರ ಇದ್ದರೆ ಮಧ್ಯದಲ್ಲಿ ಕೂರಿಸಿ ಹಿಂದೆ ಒಬ್ಬರು ಹಿಡಿದುಕೊಳ್ಳಿ. ಕಚ್ಚಿಸಿಕೊಂಡವರು ನಡೆಯಬಾರದು, ಓಡಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಮುರಿದ ಮೂಳೆಗೆ ಕಟ್ಟುವ ಹಾಗೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಅಲ್ಲಾಡದಂತೆ ಇರಿಸಿ. ಉಂಗುರ, ಬಳೆ, ಗಡಿಯಾರ, ಕಾಲುಂಗುರ ತೆಗೆಯಿರಿ. ಬಾತರೆ ಆಮೇಲೆ ಕತ್ತರಿಸಬೇಕಾಗುತ್ತದೆ. ಹಗ್ಗದಲ್ಲಿ ಬಿಗಿಯುವುದು, ಬ್ಲೇಡಿನಲ್ಲಿ ಗೀರುವುದು, ಬಾಯಿಂದ ಹೀರುವುದು, ನಾಟಿ ಔಷಧಿಗೆ ಅಂತ ದಾರಿ ಬದಲಿಸುವುದು ಯಾವುದೂ ಬೇಡ. ಹಾವನ್ನು ಹೊಡೆದು ಚೀಲದಲ್ಲಿ ತರುವುದಂತೂ ಬೇಡವೇ ಬೇಡ. ಹಾಗೆ ಮಾಡಲು ಹೋಗಿ ತಾವೂ ಕಚ್ಚಿಸಿಕೊಂಡು ಬಂದವರಿದ್ದಾರೆ.

ಒಂದು ವಿಷಯ ಇಲ್ಲಿ ಒತ್ತಿ ಹೇಳಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವೂ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ‘ಗ್ಯಾಸ್ ಇರಬೇಕು’ ಅಂತ ಕಷಾಯ ಕುಡಿಸುತ್ತೇವೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ನೆಲದಲ್ಲಿ ಮಲಗಿದ್ದವರು ಹೀಗೆ ಎದ್ದರೆ ಹಾವೇ ಅಂತ ತಿಳಿದು ಹೊರಡಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಆಗುಂಬೆ ಕಡೆಯ ಕಾಳಿಂಗ ಸರ್ಪಕ್ಕೆ, ಕಾಡಿನ ಗುಳಿಮಂಡಲಗಳಿಗೆ ಅಂತ ಮಾಡಿದ್ದಲ್ಲ. ಆದರೂ ಆಸ್ಪತ್ರೆಯೇ ದಾರಿ. ಉಸಿರಾಟಕ್ಕೆ ಆಸರೆ, ರಕ್ತ ಹೆಪ್ಪುಗಟ್ಟುತ್ತದೆಯೋ ಅನ್ನುವ ಪರೀಕ್ಷೆ, ಇವೆಲ್ಲ ಅಲ್ಲೇ ಆಗಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಆಸ್ಪತ್ರೆಯಲ್ಲಿ ವಿವರ ಬರೆಸಿಕೊಂಡರೆ ಗಾಬರಿ ಬೇಡ.

ಎದೆನೋವಿಗೆ ನಾನು ಎರಡೂ ಮಾಡುತ್ತೇನೆ. 108ಕ್ಕೆ ಹೇಳಿ, ಗಾಡಿ ದೂರ ಇದ್ದರೆ ನಾವೂ ಅದೇ ರಸ್ತೆಯಲ್ಲಿ ಎದುರಿಗೆ ಹೊರಡುವುದು, ದಾರಿ ಮಧ್ಯೆ ಭೇಟಿಯಾಗುವುದು. ಆದರೆ ಎಲ್ಲಿ ಭೇಟಿ ಅನ್ನುವುದನ್ನು ಫೋನಿನಲ್ಲಿ ನಿಗದಿ ಮಾಡಿಕೊಂಡೇ ಹೊರಡಬೇಕು. ಇಲ್ಲದಿದ್ದರೆ ಅವರು ಒಂದು ರಸ್ತೆಯಲ್ಲಿ, ನಾವು ಇನ್ನೊಂದರಲ್ಲಿ. ಎದೆನೋವು ಬಂದವರೇ ಕಾರು ಓಡಿಸಬಾರದು. ಮೆಟ್ಟಿಲು ಹತ್ತಿಸಬಾರದು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ.

ಹೆಜ್ಜೇನು ಕಚ್ಚಿ ತುಟಿ-ನಾಲಿಗೆ ಬಾತು ಉಸಿರು ಸಿಕ್ಕುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ. ಅಡ್ರಿನಲಿನ್ ಇಂಜೆಕ್ಷನ್ ಬೇಗ ಸಿಗುವ ಜಾಗ ಯಾವುದೋ ಅಲ್ಲಿಗೆ, ಹತ್ತಿರದ ಆರೋಗ್ಯ ಕೇಂದ್ರವಾದರೂ ಸರಿ. ಕೀಟನಾಶಕ ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಬೇಡ. ಬಾಟಲಿಯನ್ನು ಲೇಬಲ್ ಸಮೇತ ಜೊತೆಗೆ ಒಯ್ಯಿರಿ. ಮೈಮೇಲೆ ಚೆಲ್ಲಿದ ಬಟ್ಟೆ ತೆಗೆದು ನೀರಿನಲ್ಲಿ ತೊಳೆಯಿರಿ.

ಎಚ್ಚರವಿಲ್ಲ, ಉಸಿರೂ ಇಲ್ಲ ಅಂತಾದರೆ ಎದೆ ಒತ್ತಲು ಶುರು ಮಾಡಿ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು. ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಒಳಹೋಗುವಂತೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎರಡು ನಿಮಿಷಕ್ಕೆ ಎಂಥ ಗಟ್ಟಿಗನೂ ಸುಸ್ತಾಗುತ್ತಾನೆ, ಆಗ ಇನ್ನೊಬ್ಬರು ಶುರು ಮಾಡಲಿ. ಪಕ್ಕೆಲುಬು ಮುರಿದೀತು ಅಂತ ಹೆದರಬೇಡಿ. ಅದು ಆಮೇಲೆ ಕೂಡುತ್ತದೆ.

ಇಷ್ಟರ ನಡುವೆ ಒಬ್ಬರನ್ನು ಮುಖ್ಯ ರಸ್ತೆಗೆ ಕಳಿಸಲೇಬೇಕು. ರಾತ್ರಿಯಾದರೆ ಟಾರ್ಚ್ ಕೊಟ್ಟು ಕಳಿಸಿ. ನಾಯಿ ಕಟ್ಟಿಹಾಕಿ. ಉಣುಗೋಲು ತೆಗೆದಿಡಿ. ಅಂಗಳದಲ್ಲಿರುವ ಪಿಕಪ್ಪನ್ನು ಪಕ್ಕಕ್ಕೆ ಹಾಕಿ, ಗಾಡಿ ತಿರುಗಿಸಲು ಜಾಗ ಮಾಡಿ.

ಹಂತ 4: ಸಿಬ್ಬಂದಿ ಬಂದ ಮೇಲೆ

ಎರಡು ವರ್ಷದ ಹಿಂದೆ ನಮ್ಮ ಪಕ್ಕದ ತೋಟದಲ್ಲಿ ಕೊನೆ ತೆಗೆಯುತ್ತಿದ್ದವನೊಬ್ಬ ಬಿದ್ದ. ತೋಟ ಹಳ್ಳದ ಆಚೆ, ಮಧ್ಯೆ ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ. ಗಾಡಿ ಸಂಕದವರೆಗೆ ಮಾತ್ರ ಬಂತು. ಇಎಂಟಿ ಸುಮಾರು ಇಪ್ಪತ್ತೈದರ ಹುಡುಗ. ಬ್ಯಾಗ್ ಹೆಗಲಿಗೆ ಹಾಕಿ ನಡೆದುಕೊಂಡೇ ಬಂದ. ನಾವು ಏಳೆಂಟು ಜನ ಸುತ್ತ ನಿಂತು ಏಕಕಾಲಕ್ಕೆ ಮಾತಾಡುತ್ತಿದ್ದೆವು.

‘ಒಬ್ಬರು ಹೇಳಿ ಸಾಕು, ಉಳಿದವ್ರು ಸ್ವಲ್ಪ ಹಿಂದೆ ನಿಲ್ಲಿ’ ಎಂದ. ಆಮೇಲೆ ಮಂಡಿಯೂರಿ ಬಿದ್ದವನ ತಲೆ ಹಿಡಿದುಕೊಂಡು ಕೇಳಿದ: ‘ಅಣ್ಣ, ನನ್ನ ಕಡೆ ತಿರುಗಬೇಡಿ. ಹಾಗೇ ಹೇಳಿ, ಎಲ್ಲಿ ನೋವು? ಕಾಲು ಬೆರಳು ಆಡಿಸ್ತೀರಾ?’

ಬೆರಳು ಅಲ್ಲಾಡಿತು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಅವನು ಮಾತ್ರ ಮುಖದಲ್ಲಿ ಏನೂ ತೋರಿಸದೆ ಮುಂದಿನದಕ್ಕೆ ಹೋದ. ಕುತ್ತಿಗೆಗೆ ಪಟ್ಟಿ ಹಾಕಿದ. ಬಿಪಿ, ನಾಡಿ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಕ್ಲಿಪ್. ಕೈಯಲ್ಲಿ ಬರೆದುಕೊಳ್ಳುತ್ತಲೇ ಕೇಳಿದ: ಯಾವುದಾದರೂ ಮಾತ್ರೆ ತಗೊಳ್ತಾರಾ, ಯಾವುದಾದರೂ ಔಷಧಿ ಒಗ್ಗಲ್ವಾ, ಕೊನೆಗೆ ಊಟ ಮಾಡಿದ್ದು ಎಷ್ಟು ಹೊತ್ತಿಗೆ. ಊಟದ ಮಾತು ಯಾಕೆ ಅಂತ ಆಮೇಲೆ ಕೇಳಿದೆ. ಆಪರೇಷನ್ ಆಗಬೇಕಾದರೆ ಅರಿವಳಿಕೆ ಕೊಡುವವರಿಗೆ ಮೊದಲು ಬೇಕಾಗುವುದೇ ಅದಂತೆ.

ಪೈಲಟ್ ಸ್ಟ್ರೆಚರ್ ತಂದರು. ಅದು ಉದ್ದಕ್ಕೆ ಎರಡು ಭಾಗವಾಗಿ ಬಿಚ್ಚುತ್ತದೆ. ಒಂದೊಂದು ಭಾಗವನ್ನು ಒಂದೊಂದು ಕಡೆಯಿಂದ ಬೆನ್ನಿನ ಅಡಿಗೆ ತೂರಿಸಿ, ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು ಕೊಂಡಿ ಹಾಕಿದರೆ ಆಯಿತು. ಮನುಷ್ಯನನ್ನು ಎತ್ತುವುದೇ ಇಲ್ಲ. ಕೊಂಡಿಯಲ್ಲಿ ಅಡಿಕೆ ಸಿಪ್ಪೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ಮತ್ತೆ ಹಾಕಿ, ಎಳೆದು ನೋಡಿ, ಆಮೇಲೆ ಬೆಲ್ಟ್ ಬಿಗಿದರು. ‘ನಾನು ಮೂರು ಅಂದಾಗ ಎಲ್ಲರೂ ಒಟ್ಟಿಗೆ.’ ಸಂಕ ದಾಟುವಾಗ ಇಬ್ಬರು ಮಾತ್ರ, ಒಬ್ಬ ಮುಂದೆ, ಒಬ್ಬ ಹಿಂದೆ. ಉಳಿದವರು ಹಳ್ಳಕ್ಕೆ ಇಳಿದು ಸೊಂಟದ ನೀರಿನಲ್ಲಿ ಅಡಿಯಿಂದ ಕೈಕೊಟ್ಟೆವು.

ಇಲ್ಲಿ ನಮ್ಮ ಕೆಲಸ ಇಷ್ಟೇ: ಅವರು ಹೇಳಿದಷ್ಟು ಮಾಡುವುದು. ಅಲ್ಲಿ ಹತ್ತು ನಿಮಿಷ ಕಳೆದರೆ ‘ಬೇಗ ಹಾಕ್ಕೊಂಡು ಹೋಗ್ರಿ ಮಾರಾಯ್ರೆ’ ಅಂತ ಕೂಗಬೇಡಿ. ಆ ಹತ್ತು ನಿಮಿಷವೂ ಚಿಕಿತ್ಸೆಯೇ.

ಹಂತ 5: ಯಾವ ಆಸ್ಪತ್ರೆ?

ಜಗಳ ಶುರುವಾಗುವುದು ಇಲ್ಲಿ. ಮಾವನಿಗೆ ಮಣಿಪಾಲವೇ ಆಗಬೇಕು, ಅಳಿಯನಿಗೆ ಶಿವಮೊಗ್ಗದ ಖಾಸಗಿ ಆಸ್ಪತ್ರೆ. 108ರ ನಿಯಮ ಸರಳ: ಆ ಕಾಯಿಲೆಗೆ ಚಿಕಿತ್ಸೆ ಕೊಡಬಲ್ಲ ಹತ್ತಿರದ ಆಸ್ಪತ್ರೆ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರಿನ ಆಸುಪಾಸು. ಮಣಿಪಾಲ ಅದಕ್ಕಿಂತ ದೂರ, ಮಧ್ಯೆ ಆಗುಂಬೆ ಘಾಟಿಯ ತಿರುವುಗಳು. ಮಳೆಗಾಲದಲ್ಲಿ ಮಂಜು, ಮರ ಬಿದ್ದದ್ದು, ಧರೆ ಕುಸಿದದ್ದು. ಹೊಟ್ಟೆ ತೊಳಸುವ ಆ ದಾರಿಯಲ್ಲಿ ಉಸಿರಿಗೆ ಒದ್ದಾಡುವ ರೋಗಿಯನ್ನು ಒಯ್ಯುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಹಂತಕ್ಕೆ ತರುವುದು ಒಳ್ಳೆಯದು. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ, ಕೇಳಿದ ಸಿಬ್ಬಂದಿ ಎಲ್ಲರೂ ಹೇಳಿದ್ದು.

ಎದೆನೋವಿಗಂತೂ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ 2023ರಲ್ಲಿ ಶುರುವಾಯಿತು. ಅದರಡಿ ಬರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಖಾತ್ರಿಯಾದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗಡೆ ಇದು ಸಾವಿರಾರು ರೂಪಾಯಿಯ ಔಷಧಿ. ಅದು ಬಿದ್ದ ಮೇಲೆ ದೊಡ್ಡ ಆಸ್ಪತ್ರೆಗೆ ಹೋಗುವುದಕ್ಕೂ, ಬೀಳದೆ ಒಂದೂವರೆ ಗಂಟೆ ದಾರಿಯಲ್ಲಿ ಕಳೆಯುವುದಕ್ಕೂ ಅಜಗಜಾಂತರ.

ಪಾರ್ಶ್ವವಾಯು ಇದಕ್ಕೆ ವಿರುದ್ಧ. ಬಾಯಿ ಸೊಟ್ಟಗಾಗಿದೆ, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯೇ ಬೇಕು. ಹೆಪ್ಪು ಕರಗಿಸುವ ಔಷಧಿ ಕೊಡಲು ನಾಲ್ಕೂವರೆ ಗಂಟೆಯ ಗಡುವಿದೆ. ಗಡಿಯಾರ ಶುರುವಾಗುವುದು ರೋಗಿ ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ. ನೀವು ನೋಡಿದ ಹೊತ್ತಿನಿಂದ ಅಲ್ಲ. ಆ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಜಿಲ್ಲೆಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಶಿವಮೊಗ್ಗದ ಮೆಗ್ಗಾನ್. ಸಿಮ್ಸ್ ವೈದ್ಯಕೀಯ ಕಾಲೇಜು ಅದರ ಜೊತೆಗೇ ಇದೆ. ಸಾಗರ, ಹೊಸನಗರ, ಸೊರಬ, ಎಲ್ಲ ಕಡೆಯ ರೆಫರಲ್‌ಗಳೂ ಅಲ್ಲಿಗೇ ಬರುತ್ತವೆ. ರಶ್ ಇರುತ್ತದೆ, ನಿಜ. ಆದರೆ ನಡುರಾತ್ರಿಯಲ್ಲೂ ಎಲ್ಲ ವಿಭಾಗದವರು ಸಿಗುವ ಜಾಗ ಅದು.

ಶರಾವತಿ ಹಿನ್ನೀರಿನ ತುಮರಿ ಕಡೆಯವರ ಮಾತು ಬೇರೆಯೇ ಇತ್ತು. ದಶಕಗಟ್ಟಲೆ ಅವರಿಗೆ ಸಾಗರದ ಆಸ್ಪತ್ರೆ ಅಂದರೆ ಮೊದಲು ಲಾಂಚ್, ಅಂದರೆ ಜನ-ವಾಹನ ದಾಟಿಸುವ ದೊಡ್ಡ ದೋಣಿ. ರಾತ್ರಿ ಲಾಂಚ್ ಇಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಆಂಬುಲೆನ್ಸ್ ನೇರವಾಗಿ ನೀರು ದಾಟುತ್ತದೆ. ಸಿಗಂದೂರಿಗೆ ಹೋಗುವ ಭಕ್ತರು ಸೇತುವೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅಲ್ಲಿ ಗಾಡಿ ಅಡ್ಡ ನಿಲ್ಲಿಸಬೇಡಿ, ಅಷ್ಟೇ. ಅಂದಹಾಗೆ ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡ ಇದೆ.

ಹಂತ 6: ದಾರಿಯಲ್ಲಿ

ಜೊತೆಗೆ ಒಬ್ಬರು, ಜಾಸ್ತಿ ಅಂದರೆ ಇಬ್ಬರು. ಇಡೀ ಮನೆ ಹತ್ತಬಾರದು, ಇಎಂಟಿಗೆ ಕೈಯಾಡಿಸಲು ಜಾಗ ಬೇಕು. ಉಳಿದವರು ಹಿಂದೆ ಬೇರೆ ಗಾಡಿಯಲ್ಲಿ ಬನ್ನಿ. ಆದರೆ ಆಂಬುಲೆನ್ಸಿನ ಬಾಲ ಹಿಡಿದು ಅದೇ ವೇಗದಲ್ಲಿ ಓಡಿಸಬೇಡಿ.

ಹೆರಿಗೆ ನೋವಿನವರನ್ನು ಒಯ್ಯುವಾಗ ತಾಯಿ ಕಾರ್ಡ್ ಮರೆಯಬೇಡಿ. ರಕ್ತದ ಗುಂಪು, ಸ್ಕ್ಯಾನಿಂಗ್, ಹಿಂದಿನ ಹೆರಿಗೆ ಎಲ್ಲ ಅದರಲ್ಲಿದೆ. ಮಗು ದಾರಿಯಲ್ಲೇ ಬರುವ ಹಾಗಿದ್ದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ‘ಯಾಕೆ ನಿಲ್ಲಿಸಿದ್ರಿ, ಹೊಡೀರಿ’ ಅನ್ನಬೇಡಿ. ತಿರುವಿನಲ್ಲಿ ವಾಲಾಡುವ ಗಾಡಿಯಲ್ಲಿ ಹೆರಿಗೆ ಮಾಡಿಸಲಾಗುವುದಿಲ್ಲ. ಬೇಕಾದ ಕಿಟ್ ಅಲ್ಲೇ ಇರುತ್ತದೆ. ಮಗುವನ್ನು ಒರೆಸಿ ತಾಯಿಯ ಹೊಟ್ಟೆಯ ಮೇಲೆ ಮಲಗಿಸಿ ಬೆಚ್ಚಗೆ ಹೊದಿಸುತ್ತಾರೆ. ಆಗ ನಿಮ್ಮ ಹೆಗಲ ಮೇಲಿನ ಒಣ ಟವೆಲ್ ಕೂಡ ಉಪಯೋಗಕ್ಕೆ ಬರುತ್ತದೆ.

ಹಂತ 7: ಆಸ್ಪತ್ರೆಯ ಬಾಗಿಲಲ್ಲಿ

ಇಎಂಟಿ ಒಂದು ಹಾಳೆಯನ್ನು ಆಸ್ಪತ್ರೆಯವರಿಗೆ ಕೊಡುತ್ತಾರೆ. ಎಷ್ಟು ಹೊತ್ತಿಗೆ ಸಿಕ್ಕರು, ಆಗ ಬಿಪಿ ಎಷ್ಟಿತ್ತು, ದಾರಿಯಲ್ಲಿ ಏನು ಕೊಟ್ಟೆವು ಅಂತ. ಅಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು. ಅವರು ಗಾಡಿ ತೊಳೆದು, ಚಾದರ ಬದಲಿಸಿ, ಮುಂದಿನ ಕೇಸಿಗೆ ಹೊರಡಬೇಕು.

ಒಳಗೆ ಹೋದ ಮೇಲೆ ಸಾಲಿನ ಲೆಕ್ಕ ಇರುವುದಿಲ್ಲ. ಯಾರ ಜೀವಕ್ಕೆ ಅಪಾಯವೋ ಅವರು ಮೊದಲು. ಕೆಂಪು, ಹಳದಿ, ಹಸಿರು ಅಂತ ವಿಂಗಡಿಸುತ್ತಾರೆ. ನಿಮ್ಮನ್ನು ಕಾಯಿಸಿ ಆಮೇಲೆ ಬಂದವರನ್ನು ಒಳಗೆ ಕರೆದರೆ, ಹೆಚ್ಚಿನ ಸಲ ಅದು ನಿಮಗೆ ಒಳ್ಳೆಯ ಸುದ್ದಿ.

ಅಪಘಾತ, ವಿಷ, ಸುಟ್ಟಗಾಯ ಇಂಥದ್ದನ್ನು ಎಂಎಲ್‌ಸಿ (ಕಾನೂನಿಗೂ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ) ಅಂತ ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮೊದಲು ಜೀವ, ಆಮೇಲೆ ಕಾಗದ. ದಾರಿಹೋಕರಾಗಿ ಅಪಘಾತದ ಗಾಯಾಳುವನ್ನು ತಂದವರು ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅಂಥವರಿಗೆ ರಕ್ಷಣೆ ಕೊಡುತ್ತದೆ. ಕರ್ನಾಟಕಕ್ಕೆ ತನ್ನದೇ ಪ್ರತ್ಯೇಕ ಕಾನೂನೂ ಇದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಬಂದಿದೆ. ಕೌಂಟರಿನಲ್ಲಿ ಅವರಾಗಿ ಹೇಳದಿದ್ದರೆ ನೀವೇ ಕೇಳಿ.

ಇಲ್ಲಿಂದ ಬೇರೆ ಆಸ್ಪತ್ರೆಗೆ ಕಳಿಸುತ್ತೇವೆ ಅಂದರೆ ಹೊರಡುವ ಮೊದಲು ಮೂರು ಮಾತು ಕೇಳಿ. ಅಲ್ಲಿ ಬೆಡ್ ಇದೆ ಅಂತ ಫೋನಿನಲ್ಲಿ ಮಾತಾಡಿದ್ದೀರಾ? ರೆಫರಲ್ ಚೀಟಿಯಲ್ಲಿ ಕೊಟ್ಟ ಔಷಧಿಯ ಹೊತ್ತು ಬರೆದಿದ್ದೀರಾ? ದಾರಿಯಲ್ಲಿ ವೆಂಟಿಲೇಟರ್ ಬೇಕಾದೀತಾ, ಅಂದರೆ ಎಎಲ್‌ಎಸ್ ಗಾಡಿಯೇ ಆಗಬೇಕಾ? ಒಂದು ಆಸ್ಪತ್ರೆಯಲ್ಲಿ ನಾವು ಮೊದಲನೆಯದನ್ನು ಕೇಳಲಿಲ್ಲ. ಎರಡು ತಾಸು ಹೋಗಿ, ಅಲ್ಲಿ ಐಸಿಯು ಭರ್ತಿ ಅಂತ ಕೇಳಿ, ರಾತ್ರಿ ಒಂದು ಗಂಟೆಗೆ ಇನ್ನೊಂದು ಹುಡುಕಿದ್ದೇವೆ. ಖಾಸಗಿ ಆಂಬುಲೆನ್ಸ್ ಹಿಡಿಯುವುದಾದರೆ ಬಾಡಿಗೆ ಮಾತಾಡುವಾಗಲೇ ಹಿಂದೆ ತರಬೇತಿಯವರು ಕೂರುತ್ತಾರಾ, ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ ಅಂತ ಕಣ್ಣಾರೆ ನೋಡಿ. ಮೇಲೆ ನೀಲಿ ದೀಪ ಇದ್ದ ಮಾತ್ರಕ್ಕೆ ಒಳಗೆ ಎಲ್ಲ ಇರುತ್ತದೆ ಅಂತಲ್ಲ.

ಕೊನೆಗೆ, ಜೊತೆಗೆ ಹೋಗುವವರಿಗೆ. 108 ವಾಪಸ್ ಕರೆತರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿ-ಮಗುವಿಗೆ ಮಾತ್ರ ಮನೆ ತಲುಪಿಸಲು ‘ನಗು-ಮಗು’ ಗಾಡಿ ಇದೆ. ಉಳಿದವರಿಗೆ ಬಸ್ಸೇ. ಆ ಕೊನೆಗಾರನ ಜೊತೆ ಮೆಗ್ಗಾನ್‌ಗೆ ಹೋದವನು ನಾನೇ. ಹಳ್ಳದಲ್ಲಿ ನೆನೆದ ಲುಂಗಿ, ಬರಿಗಾಲು, ಸೊಂಟದಲ್ಲಿ ಕತ್ತಿಕೊಕ್ಕೆ, ಜೇಬೇ ಇಲ್ಲದ ಬನಿಯನ್. ಸೆಕ್ಯೂರಿಟಿಯವರು ಕತ್ತಿ ನೋಡಿ ‘ಇದೇನ್ ಸ್ವಾಮಿ?’ ಅಂದಾಗಲೇ ನನಗೆ ಅದರ ನೆನಪಾದದ್ದು. ಬೆಳಿಗ್ಗೆ ಮೊದಲ ಬಸ್ಸಿಗೆ ದುಡ್ಡು ಕೊಟ್ಟದ್ದು ಪಕ್ಕದ ಬೆಡ್ಡಿನವರ ಅಜ್ಜಿ. ಈಗ ನಮ್ಮ ಬಾಗಿಲ ಹಿಂದೆ ಒಂದು ಬಟ್ಟೆ ಚೀಲ ನೇತಾಡುತ್ತದೆ. ಅದರಲ್ಲಿ ಆಧಾರ್ ಮತ್ತು ರೇಷನ್ ಕಾರ್ಡಿನ ಜೆರಾಕ್ಸ್, ಆಯುಷ್ಮಾನ್ ಕಾರ್ಡ್, ಎರಡು ಸಾವಿರ ರೂಪಾಯಿ, ಫೋನ್ ಚಾರ್ಜರ್, ಒಂದು ಪಂಚೆ, ಒಂದು ಅಂಗಿ, ಒಂದು ಜೊತೆ ಹವಾಯಿ ಚಪ್ಪಲಿ.